ಚಿಕ್ಕಮಾದಯ್ಯನ ಸಿಗ್ನಲ್ ಕೊಳವೆ

ಬೆಳಗಿನ ಪೂಜೆ ಮುಗಿಸಿ, ಚಿಕ್ಕದೇವಮ್ಮನ ಪಟದ ಮುಂದೆ ದೀಪವಿಟ್ಟು ಇದನ್ನು ಬರೆಯಲು ಕುಳಿತಿದ್ದೇನೆ. ದೇವರ ಮುಂದೆ ಕುಳಿತು ನೆರೆಮನೆಯವನ ಸುದ್ದಿ ಬರೆಯುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಇದರಲ್ಲಿ ಸುಳ್ಳಿಲ್ಲ, ಚಿಕ್ಕಮಾದಯ್ಯನ ಒಪ್ಪಿಗೆಯೂ ಇದೆ. ವಿರೂಪಾಕ್ಷನ ಹೆಸರು ತನ್ನ ಹೆಸರಿಗಿಂತ ಹೆಚ್ಚು ಸಲ ಬರಬಾರದು ಎಂಬುದೊಂದೇ ಅವನು ಹಾಕಿದ ಷರತ್ತು.

ನಮ್ಮ ಊರು ಸೀಗೆಹುಂಡಿ. ಎನ್. ಬೇಗೂರಿನಿಂದ ಕಾಡಿನ ಅಂಚಿಗೆ ಹೋಗುವ ರಸ್ತೆ ಎಲ್ಲಿ ತನಗೇ ಬೇಸರವಾಗಿ ನಿಂತುಬಿಡುತ್ತದೆಯೋ ಅಲ್ಲಿದೆ. ಒಂದು ಕಡೆ ಕಾಡು, ಇನ್ನೊಂದು ಕಡೆ ಗುಡ್ಡ, ಗುಡ್ಡದಾಚೆ ಕೇರಳ. ಆನೆ, ಜ್ವರ, ಚುನಾವಣೆ ಎಲ್ಲವೂ ನಮ್ಮೂರಿಗೆ ಕರೆಯದೆ ಬರುತ್ತವೆ. ಮೊಬೈಲಿನ ಸಿಗ್ನಲ್ ಮಾತ್ರ ಕರೆದರೂ ಬರುತ್ತಿರಲಿಲ್ಲ. ನಮ್ಮ ದೇಶದ ಯಂತ್ರ ಚಂದ್ರನ ಮೇಲೆ ಇಳಿದ ಸಂಜೆ ಇಡೀ ದೇಶ ಕುಳಿತ ಕಡೆಯೇ ಅದನ್ನು ನೋಡಿತಂತೆ. ನಾವು ನೋಡಲು ಮರ ಹತ್ತಿದೆವು. ಬೇರೆಯವರಿಗಿಂತ ನಾವು ಚಂದ್ರನಿಗೆ ಒಂದಿಷ್ಟು ಹತ್ತಿರವಿದ್ದೆವು ಎಂದು ಆಮೇಲೆ ಸಮಾಧಾನ ಮಾಡಿಕೊಂಡೆವು.

ಆ ಮರ ವಿರೂಪಾಕ್ಷನದು. ಅವನ ಹೊಲದ ಬದುವಿನಲ್ಲಿ ಒಂದು ದೊಡ್ಡ ಮತ್ತಿ ಮರ, ಅದರ ಮೇಲೆ ಆನೆ ಕಾಯಲು ಅವನ ಅಪ್ಪ ಕಟ್ಟಿದ ಅಟ್ಟಣೆ. ಇಡೀ ಊರಿನಲ್ಲಿ ಸಿಗ್ನಲ್ ಬರುತ್ತಿದ್ದದ್ದು ಆ ಅಟ್ಟಣೆಯ ಬಡಗಣ ಮೂಲೆಯಲ್ಲಿ ಮಾತ್ರ, ಅದೂ ಎರಡು ಕಡ್ಡಿ. ಕಾರಣ ಯಾರಿಗೂ ಗೊತ್ತಿರಲಿಲ್ಲ. ವಿರೂಪಾಕ್ಷನಿಗೆ ಗೊತ್ತಿತ್ತು, ಅದು ತನ್ನ ಪುಣ್ಯ. ಹೀಗಾಗಿ ಅವನು ಮರದ ಬುಡದಲ್ಲಿ ಮಂಚ ಹಾಕಿಕೊಂಡು ಕೂತು, ಹತ್ತುವವರ ಚಪ್ಪಲಿ ಬಿಡಿಸುತ್ತಿದ್ದ, ಎಲೆ ಅಡಿಕೆ ಉಗಿಯಬಾರದೆಂದು ಎಚ್ಚರಿಸುತ್ತಿದ್ದ, ಇಳಿದವರನ್ನು ಯಾರ ಹತ್ತಿರ ಏನು ಮಾತಾಡಿದೆ ಎಂದು ವಿಚಾರಿಸುತ್ತಿದ್ದ. ತಿಂಗಳಿಗೊಮ್ಮೆ ರೇಷನ್ ಅಂಗಡಿಯ ಪುಟ್ಟಮಲ್ಲಪ್ಪ ಬೆರಳೊತ್ತುವ ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ಅಟ್ಟಣೆ ಏರುತ್ತಿದ್ದ. ಯಂತ್ರ ಕೆಳಗಿಳಿದರೆ ಸಿಗ್ನಲ್ ಇಲ್ಲ, ಅಜ್ಜಿ ಪುಟ್ಟಕ್ಕ ಮೇಲೆ ಹತ್ತಲಾರಳು. ಕೊನೆಗೆ ಆಕೆಯನ್ನು ಕಂಬಳಿಯ ಜೋಲಿಯಲ್ಲಿ ಕೂರಿಸಿ ಹಗ್ಗದಿಂದ ಮೇಲಕ್ಕೆ ಎಳೆಯುವುದು ರೂಢಿಯಾಯಿತು. ಮೇಲೆ ಹೋದ ಪುಟ್ಟಕ್ಕ ಬೆರಳೊತ್ತಿದ ಮೇಲೂ ಇಳಿಯಲು ಒಪ್ಪುತ್ತಿರಲಿಲ್ಲ. ಅಲ್ಲಿ ಗಾಳಿ ಚೆನ್ನಾಗಿದೆ ಎನ್ನುತ್ತಿದ್ದಳು.

ಇಡೀ ಊರು ವಿರೂಪಾಕ್ಷನಿಗೆ ಕೈಮುಗಿಯುತ್ತಿದ್ದಾಗ ಮುಗಿಯದಿದ್ದವನು ನನ್ನ ಪಕ್ಕದ ಮನೆಯ ಚಿಕ್ಕಮಾದಯ್ಯ ಒಬ್ಬನೇ. ಹೊಗೆಸೊಪ್ಪು ಹದ ಮಾಡುವುದರಲ್ಲಿ ಅವನನ್ನು ಮೀರಿಸುವವರು ಈ ಕಡೆ ಇಲ್ಲ. ಸೊಪ್ಪು ಒಣಗಿಸುವ ಮನೆಯಾದ ಬ್ಯಾರನ್ನಿನ ಗೋಡೆಗೆ ಅಂಗೈ ಇಟ್ಟು ಒಳಗಿನ ಸೊಪ್ಪಿನ ಬಣ್ಣ ಹೇಳುತ್ತಾನೆ. ಬೇರೆ ವಿಷಯಗಳಲ್ಲಿ ಅವನ ಅಂಗೈ ಅಷ್ಟು ನಂಬಿಕೆಯದಲ್ಲ. ಅವನ ಹೆಂಡತಿ ಚಿಕ್ಕಸಿದ್ದಮ್ಮ ರಾವಂದೂರಿನ ಹೆಣ್ಣು. ಬಹಳ ಕೆಲಸದವಳು, ಬಹಳ ಕಡಿಮೆ ಮಾತಿನವಳು. ಗಂಡನೊಡನೆ ಆಕೆ ದಿನಕ್ಕೆ ಆಡುತ್ತಿದ್ದ ಮಾತು ಎರಡು: ‘ಊಟಕ್ಕೆ ಬನ್ನಿ’ ಮತ್ತು ‘ಸೌದೆ ಇಲ್ಲ’.

ಇಂಥ ಚಿಕ್ಕಸಿದ್ದಮ್ಮ ಪ್ರತಿ ಸಂಜೆ ಆ ಅಟ್ಟಣೆ ಹತ್ತಿ, ಕೆ.ಆರ್. ನಗರಕ್ಕೆ ಕೊಟ್ಟ ಮಗಳು ಸಿಂಧುವಿಗೆ ಫೋನ್ ಮಾಡುತ್ತಿದ್ದಳು. ಸಿಂಧು ಮೊದಲ ಬಸುರಿ. ಫೋನು ಕಿವಿಗೆ ಬಿದ್ದದ್ದೇ ತಡ, ತಾಯಿ ನಗಲು ಶುರುಮಾಡುತ್ತಿದ್ದಳು. ಸಣ್ಣ ನಗುವಲ್ಲ. ಮೂರು ಹೊಲದಾಚೆ ಕಳೆ ಕೀಳುವವರು ತಲೆಯೆತ್ತಿ, ಯಾರು ಎಂದು ನೋಡಿ, ತಾವೂ ನಕ್ಕು ಮತ್ತೆ ಬಗ್ಗುತ್ತಿದ್ದರು.

ಚಿಕ್ಕಮಾದಯ್ಯ ತನ್ನ ಬದುವಿನ ಮೇಲೆ ನಿಂತು ಅದನ್ನು ಕೇಳುತ್ತಿದ್ದ. ಒಂದು ಸಂಜೆ ವಿರೂಪಾಕ್ಷ ಮಂಚದಿಂದಲೇ ಕೂಗಿ ಹೇಳಿದನಂತೆ: “ಏನ್ಲಾ ಮಾದಯ್ಯ, ನಿನ್ ಹೆಂಡ್ರು ನಮ್ ಮರದ್ ಮ್ಯಾಲೆ ಬಲೇ ಸಂತೋಸ್ವಾಗಿರ್ತಾರೆ ಕಣ್ಲಾ. ನಿಮ್ಮನೇಲಿ ಗಾಳಿ ಬರಕಿಲ್ವಾ?”

ಆ ಸಂಜೆ ಚಿಕ್ಕಮಾದಯ್ಯ ಊಟ ಮಾಡದೆ ನನ್ನ ಜಗಲಿಗೆ ಬಂದು ಕುಳಿತ. “ದೊಡ್ಡಪ್ಪ,” ಅಂದ, “ಮಗಳ ಮದ್ವೆನೂ ಆಗೋಯ್ತು, ನನ್ ಹೆಂಡ್ತಿ ನನ್ ಮನೇಲಿ ಇಂಗೆ ನಕ್ಕಿದ್ದ ನಾ ಕಾಣೆ. ಅವನ್ ಮರದ್ ಮ್ಯಾಲೆ ಯಾಕ್ ನಗ್ಬೇಕು?”

ಆಕೆ ನಗುವುದು ಮರದ ಸಂಗಡ ಅಲ್ಲವಪ್ಪ, ಮಗಳ ಸಂಗಡ ಎಂದೆ.

“ನಗ್ಲಿ. ಬ್ಯಾಡ ಅಂದವ್ರ್ಯಾರು? ನಮ್ ಜಾಗ್ದಲ್ಲಿ ನಗ್ಲಿ.”

ಹೀಗೆ ಶುರುವಾಯಿತು. ವಿರೂಪಾಕ್ಷನ ಅಟ್ಟಣೆಗಿಂತ ಎತ್ತರದ ಒಂದು ಅಟ್ಟಣೆಯನ್ನು ತನ್ನ ಮನೆಯ ಪಕ್ಕದಲ್ಲೇ ಕಟ್ಟುವುದೆಂದು ಚಿಕ್ಕಮಾದಯ್ಯ ತೀರ್ಮಾನಿಸಿದ. ಅಷ್ಟೇ ಆಗಿದ್ದರೆ ಅವನನ್ನು ಹಟಮಾರಿ ಎನ್ನಬಹುದಿತ್ತು. ಅವನಿಗೆ ಒಂದು ಸಿದ್ಧಾಂತವೂ ಇತ್ತು. ಬ್ಯಾರನ್ನಿನಲ್ಲಿ ಬೆಂಕಿ ಉರಿಯುವುದು ಹೊರಗೆ, ಸೊಪ್ಪು ತೂಗುವುದು ಒಳಗೆ. ನಡುವೆ ಇರುವುದು ತಗಡಿನ ಕೊಳವೆ. ಶಾಖ ಕೊಳವೆ ಹಿಡಿದು ಹೋಗಿ ಎಲ್ಲ ಎಲೆಯನ್ನೂ ಮುಟ್ಟುತ್ತದೆ. ಶಾಖವೂ ಕಣ್ಣಿಗೆ ಕಾಣದು, ಸಿಗ್ನಲ್ಲೂ ಕಾಣದು. ಆದುದರಿಂದ ಸಿಗ್ನಲ್ಲನ್ನು ಮೇಲೆ ಹಿಡಿದು ಕೊಳವೆಯಲ್ಲಿ ಇಳಿಸಿಬಿಟ್ಟರೆ, ಚಿಕ್ಕಸಿದ್ದಮ್ಮ ಮರ ಹತ್ತುವುದೇ ಬೇಡ, ತನ್ನ ಜಗಲಿಯಲ್ಲಿ ಕಾಲು ಚಾಚಿಕೊಂಡು ಮಾತಾಡಬಹುದು. ಇದನ್ನು ಅವನು ನನಗೆ ವಿವರಿಸಿದಾಗ ತಪ್ಪೆಲ್ಲಿದೆ ಎಂದು ನನಗೂ ಹೊಳೆಯಲಿಲ್ಲ.

ಹಳೆಯ ಬ್ಯಾರನ್ನಿನ ಕೊಳವೆಗಳು ಹಿತ್ತಿಲಲ್ಲಿ ಬಿದ್ದಿದ್ದವು. ನಾಲ್ಕು ನೀಲಗಿರಿ ಕಂಬ ನೆಟ್ಟು, ಹುಣಸೂರಿನಿಂದ ವೆಲ್ಡಿಂಗ್ ಕೆಲಸದ ಮುಬಷೀರನನ್ನು ಕರೆಸಿದ. ಮುಬಷೀರ್ ಹಂಪಾಪುರದಲ್ಲಿ ಒಂದು ಕಲ್ಯಾಣ ಮಂಟಪದ ಗೇಟು ಮುಗಿಸಿ ಬಂದವನು. ಇದೇನು ಕಟ್ಟುತ್ತಿರುವುದು ಎಂದು ಕೇಳಿದ. ಸಿಗ್ನಲ್ ಇಳಿಸುವ ಕೊಳವೆ ಎಂದು ತಿಳಿದ ಮೇಲೆ ಸ್ವಲ್ಪ ಹೊತ್ತು ಆಕಾಶ ನೋಡಿದ. ಆಮೇಲೆ, “ನೋಡಣ್ಣ, ಜಾಯಿಂಟ್ ಬಿಡದಂಗೆ ಮಾಡಿಕೊಡ್ತೀನಿ. ಸಿಗ್ನಲ್ ಬಂದ್ರೆ ಅಲ್ಲಾಹನ ದಯೆ, ಬರ್ದಿದ್ರೆ ನನ್ನ ವೆಲ್ಡಿಂಗ್ ಮೇಲೆ ಹಾಕ್ಬೇಡ,” ಅಂದ. ಕಲ್ಯಾಣ ಮಂಟಪದ ಗೇಟಿಗೆ ತಂದ ಕೆಂಪು ಬಿಳಿ ಬಣ್ಣ ಉಳಿದಿತ್ತು. ತುಕ್ಕು ಹಿಡಿಯದಿರಲಿ ಎಂದು ಕಂಬಕ್ಕೂ ಕೊಳವೆಗೂ ಪಟ್ಟೆ ಪಟ್ಟೆಯಾಗಿ ಅದನ್ನೇ ಬಳಿದ. ದೂರದಿಂದ ನೋಡಿದರೆ ಸರ್ಕಾರವೇ ಬಂದು ನಿಂತ ಹಾಗಿತ್ತು.

ಮೇಲೆ ಒಂದು ಅಗಲ ಬಾಯಿ, ಕೆಳಗೆ ಜಗಲಿಯ ಮೇಲೆ ಒಂದು ಬಾಯಿ. ಚಿಕ್ಕಮಾದಯ್ಯ ಕೆಳಗಿನ ಬಾಯಿಗೆ ಫೋನು ಹಿಡಿದ. ಒಂದು ಕಡ್ಡಿಯೂ ಇಲ್ಲ. ಮೇಲೆ ಹತ್ತಿ ಹಿಡಿದ. ಅಲ್ಲಿಯೂ ಇಲ್ಲ. ಊರಿನವರು ಏನಾಯಿತು ಎಂದರೆ, ಬ್ಯಾರನ್ನಿಗೆ ಬೆಂಕಿ ಹಾಕಿದ ಕೂಡಲೇ ಸೊಪ್ಪು ಹಳದಿಯಾಗುತ್ತದೆಯೇ, ಕೊಳವೆ ಕಾಯಬೇಕು ಎಂದ. ಕಾದರು. ಕೊಳವೆ ಬಿಸಿಲಿಗೆ ಕಾಯಿತು, ಸಿಗ್ನಲ್ ಬರಲಿಲ್ಲ.

ಅಮಾವಾಸ್ಯೆಯ ಮಾರನೆಯ ದಿನ ವಿರೂಪಾಕ್ಷ ಊರಿನ ಅರ್ಧ ಜನರನ್ನು ಕಟ್ಟಿಕೊಂಡು ನೋಡಲು ಬಂದ. ಕೊಳವೆಯ ಸುತ್ತ ಒಂದು ಸುತ್ತು ಹಾಕಿ, ಬೆರಳಿನಿಂದ ಟಣ್ ಎನ್ನಿಸಿ, ಎಲ್ಲಿ ಒಂದು ಫೋನು ಮಾಡಿಸು ನೋಡೋಣ ಎಂದ. ಚಿಕ್ಕಮಾದಯ್ಯನ ಮುಖ ಬೂದಿಯಾಯಿತು. ಆಗ ಒಳಗಿನಿಂದ ಚಿಕ್ಕಸಿದ್ದಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಕೊಳವೆಯ ಬಾಯಿಯ ಹತ್ತಿರ ಕುಳಿತು, ಫೋನು ಕಿವಿಗಿಟ್ಟು, “ಸಿಂಧೂ, ಊಟ ಆಯ್ತೇನವ್ವ?” ಎಂದು ಕೇಳಿ, ಸ್ವಲ್ಪ ತಡೆದು, ನಕ್ಕಳು. ಮೂರು ಹೊಲದಾಚೆ ಕೇಳುವಂಥ ಅದೇ ನಗು.

ವಿರೂಪಾಕ್ಷ ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ಮನೆಗೆ ಹೋದ.

ಅಂದಿನಿಂದ ಆಕೆ ಅಟ್ಟಣೆಯ ಕಡೆ ಕಾಲಿಡಲಿಲ್ಲ. ದಿನ ಸಂಜೆ ಜಗಲಿಯಲ್ಲೇ ಮಾತು. ಸಿಂಧುವಿನ ಕಾಲಿನ ಊತ ಇಳಿಯಿತಂತೆ, ಸಿಂಧುವಿಗೆ ಹುಣಸೆಕಾಯಿಯ ಆಸೆಯಂತೆ ಎಂದು ಹೆಂಗಸರಿಗೆಲ್ಲ ಹೇಳುತ್ತಿದ್ದಳು. ಅವರೂ ತಮ್ಮ ತಮ್ಮ ಫೋನು ತಂದು ಕೊಳವೆಗೆ ಹಿಡಿದರು. ಯಾರಿಗೂ ಬರಲಿಲ್ಲ. ಹಸು ಒಬ್ಬರ ಕೈಗೇ ಹಾಲು ಕೊಡುವ ಹಾಗೆ ಇದೂ ತನ್ನ ಕೈಗೆ ಒಗ್ಗಿದೆ ಎಂದು ಚಿಕ್ಕಸಿದ್ದಮ್ಮ ಅವರನ್ನು ಕಳಿಸಿದಳು.

ಗೆದ್ದ ಚಿಕ್ಕಮಾದಯ್ಯ ಸುಖವಾಗಿರಬೇಕಿತ್ತು. ಆದರೆ ಅವನಿಗೆ ಹೊಸ ಹೊಟ್ಟೆಕಿಚ್ಚು ಹತ್ತಿತು, ಈ ಸಲ ಹೆಂಡತಿಯ ಮೇಲೆ. ಕೊಳವೆ ತನ್ನದು, ಕಂಬ ತನ್ನದು, ಸಿಗ್ನಲ್ ಮಾತ್ರ ಆಕೆಗೆ. ತನ್ನ ಫೋನು ಕೆಟ್ಟಿರಬಹುದೆಂದು ಆಕೆಯ ಫೋನನ್ನು ತಾನು ತೆಗೆದುಕೊಂಡು ತನ್ನದನ್ನು ಆಕೆಗೆ ಕೊಟ್ಟ. ಆಗ ಅವನದು ಆಕೆಯ ಕೈಯಲ್ಲಿ ನಕ್ಕಿತು, ಆಕೆಯದು ಇವನ ಕೈಯಲ್ಲಿ ಸತ್ತಿತು. ಮಗಳ ಹತ್ತಿರ ನಾನೂ ಒಂದು ಮಾತಾಡುತ್ತೇನೆ ಎಂದು ಕೈ ಚಾಚಿದಾಗಲೆಲ್ಲ ಆಕೆ ‘ಕಟ್ಟಾಯ್ತು’ ಎನ್ನುತ್ತಿದ್ದಳು. ಸಿಗ್ನಲ್ಲಿಗೆ ಹೆಣ್ಣು ಗಂಡು ಎಂಬ ಭೇದವಿದೆಯೇ ಎಂದು ನನ್ನನ್ನು ಕೇಳಿದ. ಈ ವಿಷಯದಲ್ಲಿ ಶಾಸ್ತ್ರ ಏನೂ ಹೇಳಿಲ್ಲ ಎಂದೆ.

ಈ ಮಧ್ಯೆ ಸರ್ಕಾರಕ್ಕೆ ನಮ್ಮ ನೆನಪಾಯಿತು. ಸಿಗ್ನಲ್ ಇಲ್ಲದ ಹಳ್ಳಿಗಳಿಗೆಲ್ಲ ಟವರು ಕೊಡುವುದು, ಕಾಡಿನ ನಡುವೆ ಕೇಬಲ್ ಎಳೆಯಲಾಗದ ಕಡೆ ಆಕಾಶದ ಉಪಗ್ರಹದಿಂದಲೇ ಸಂಪರ್ಕ ಇಳಿಸುವುದು ಎಂದು ಮೇಲಿನವರು ಯೋಜನೆ ಮಾಡಿದ್ದರು. ಯಾವ ಊರಿಗೆ ಬೇಕು, ಯಾವುದಕ್ಕೆ ಬೇಡ ಎಂದು ನೋಡಲು ಮೈಸೂರಿನ ಕಡೆಯಿಂದ ಕಾಂತರಾಜು ಎಂಬ ಅಧಿಕಾರಿ ಜೀಪಿನಲ್ಲಿ ಬಂದರು. ನಮ್ಮೂರಿನ ತಿರುವಿನಲ್ಲಿ ಆನೆ ಲದ್ದಿ ಬಿದ್ದಿತ್ತು, ಇನ್ನೂ ಹಬೆಯಾಡುತ್ತಿತ್ತು. ಕಾಂತರಾಜು ಜೀಪಿನ ಗಾಜು ಏರಿಸಿ, ಆಮೇಲೆ ಮಾತಾಡಲು ಬೇಕಾದಷ್ಟೇ ಇಳಿಸಿ, ದೂರದಲ್ಲಿ ಕಾಣುತ್ತಿದ್ದ ಕೆಂಪು ಬಿಳಿ ಪಟ್ಟೆಯನ್ನು ತೋರಿಸಿ, ಅದು ಯಾರ ಟವರು ಎಂದು ಕೇಳಿದರು. ಚಿಕ್ಕಮಾದಯ್ಯ ಅಲ್ಲೇ ಎತ್ತು ಹೊಡೆದುಕೊಂಡು ಬರುತ್ತಿದ್ದ. ನಂದೇ ಎಂದ. ಸಿಗ್ನಲ್ ಹೇಗಿದೆ ಎಂದರು.

ಇಲ್ಲಿ ಅವನು ನಿಜ ಹೇಳಬಹುದಿತ್ತು. ಆದರೆ ಜೀಪಿನ ಆಚೆ ಬದಿಯಲ್ಲಿ ವಿರೂಪಾಕ್ಷ ನಿಂತಿದ್ದ.

“ಫುಲ್ ಅದೆ ಸಾ,” ಅಂದ ಚಿಕ್ಕಮಾದಯ್ಯ.

ಕಾಂತರಾಜು ಕುಳಿತಲ್ಲಿಂದಲೇ ಫೋಟೋ ತೆಗೆದು, ಜೀಪು ತಿರುಗಿಸಿಕೊಂಡು ಹೊರಟುಹೋದರು. ಸರ್ಕಾರದ ಕೆಲಸ ನಿಧಾನ ಎನ್ನುವವರು ಇದನ್ನು ಗಮನಿಸಬೇಕು. ಇಲ್ಲದ ಟವರನ್ನು ಇದೆ ಎಂದು ಮಾಡಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿಯಲಿಲ್ಲ.

ಸುದ್ದಿ ತಂದವನು ರೇಷನ್ ಅಂಗಡಿಯ ಪುಟ್ಟಮಲ್ಲಪ್ಪ. ಮುಂದಿನ ಊರಿನಲ್ಲಿ ಟವರಿಗೆ ಗುಂಡಿ ತೆಗೆಯುತ್ತಿದ್ದಾರೆ, ನಮ್ಮ ಊರು ಅವರ ನಕ್ಷೆಯಲ್ಲಿ ಹಸಿರು ಚುಕ್ಕೆಯಾಗಿದೆ, ಹಸಿರು ಎಂದರೆ ಇವರಿಗೆ ಇನ್ನೇನೂ ಬೇಡ ಎಂದು ಅರ್ಥ ಎಂದ. ಸಂಜೆಗೆ ಊರೆಲ್ಲ ನನ್ನ ಜಗಲಿಯಲ್ಲಿ ಸೇರಿತು. ಬೈಗುಳಗಳನ್ನು ದೇವರ ದೀಪದ ಮುಂದೆ ಬರೆಯಲಾರೆ. ಪುಟ್ಟಕ್ಕ ಮಾತ್ರ, ತನ್ನನ್ನು ಜೋಲಿಯಲ್ಲಿ ಏರಿಸುವುದು ನಿಲ್ಲುವುದಿಲ್ಲವಲ್ಲ ಎಂದು ಒಳಗೊಳಗೇ ಸಂತೋಷಪಟ್ಟಂತೆ ಕಂಡಳು. ವಿರೂಪಾಕ್ಷ ಎದ್ದು ನಿಂತು, ಇವನು ಕೊಳವೆ ಸುಳ್ಳು ಎಂದು ಒಪ್ಪಿಕೊಂಡುಬಿಡಲಿ, ಎಲ್ಲ ಸರಿಹೋಗುತ್ತದೆ ಎಂದ. ಬೇರೆ ಯಾರು ಹೇಳಿದ್ದರೂ ಚಿಕ್ಕಮಾದಯ್ಯ ಒಪ್ಪುತ್ತಿದ್ದನೇನೋ.

“ಸುಳ್ಳಾ? ನನ್ ಹೆಂಡ್ತಿ ದಿನಾ ಮಾತಾಡ್ತಾಳೆ. ನೀನೇ ಕೇಳಿದ್ದೀಯ.”

ಸಿಗ್ನಲ್ ಇದ್ದರೆ ಟವರು ಕೇಳುವ ಹಾಗಿಲ್ಲ. ಇಲ್ಲದಿದ್ದರೆ ಚಿಕ್ಕಸಿದ್ದಮ್ಮ ಯಾರ ಸಂಗಡ ನಗುತ್ತಿದ್ದಾಳೆ? ಎಲ್ಲರೂ ಆಕೆಯ ಕಡೆ ನೋಡಿದರು. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಆಕೆ ಎದ್ದುಹೋದಳು. ಆಗ ಅವರ ಹಸು ಹಾಲು ಕೊಡುತ್ತಿರಲಿಲ್ಲ ಎಂಬುದು ಪಕ್ಕದ ಮನೆಯವನಾದ ನನಗೆ ಗೊತ್ತಿತ್ತು.

ಬೆಳಗ್ಗೆ ಪುಟ್ಟಮಲ್ಲಪ್ಪ ಮುಂದಿನ ಊರಿಗೆ ಹೋಗಿ, ಆನೆ ಹಗಲು ಬರುವುದಿಲ್ಲ ಎಂದು ಪ್ರಮಾಣ ಮಾಡಿ ಕಾಂತರಾಜುವನ್ನು ಕರೆತಂದ. ಅವರು ಜಗಲಿಯ ಕೊಳವೆಗೆ ತಮ್ಮ ಫೋನು ಹಿಡಿದರು. ಏನೂ ಇಲ್ಲ. ಮೇಲೆಯೂ ನೋಡಿಯೇ ಬರೆಯಬೇಕು ಎಂದರು. ನೀಲಗಿರಿ ಕಂಬವನ್ನೂ ತಮ್ಮ ಹೊಟ್ಟೆಯನ್ನೂ ಒಮ್ಮೆ ನೋಡಿಕೊಂಡು, ಹತ್ತುವುದು ತಮ್ಮ ಇಲಾಖೆಯ ಕೆಲಸವಲ್ಲ ಎಂದು ಹೇಳಿ ಫೋನನ್ನು ಚಿಕ್ಕಮಾದಯ್ಯನ ಕೈಗೆ ಕೊಟ್ಟರು. ಅವನು ಹತ್ತಿದ. ಊರೆಲ್ಲ ಕೆಳಗೆ ನಿಂತು, ಸಿಗ್ನಲ್ ಬರದೇ ಇರಲಿ ಎಂದು ಕೈಮುಗಿಯಿತು. ಮಳೆ ಬರಲೆಂದು ಬೇಡಿದ್ದೇನೆ, ಬೆಳೆ ಬರಲೆಂದು ಬೇಡಿದ್ದೇನೆ, ಹೋದ ವರ್ಷ ನನ್ನ ಮನೆಯಾಕೆಗೆ ಇನ್ನೊಂದು ಉಸಿರು ಬರಲೆಂದು ಬೇಡಿದ್ದೇನೆ. ಏನೋ ಒಂದು ಬರಬಾರದೆಂದು ಬೇಡಿದ್ದು ಅದೇ ಮೊದಲು. ತಾಯಿ ಚಿಕ್ಕದೇವಮ್ಮನಿಗೂ ಗಲಿಬಿಲಿಯಾಗಿರಬೇಕು.

ಚಿಕ್ಕಮಾದಯ್ಯ ತುದಿ ಮುಟ್ಟಿದ. ಕಡ್ಡಿ ಇರಲಿಲ್ಲ. ಆದರೆ ಕೆಳಗಿನಿಂದ ವಿರೂಪಾಕ್ಷ, “ಎಷ್ಟ್ ಕಡ್ಡಿ ಅದೆ ಯೋಳ್ಲಾ ಮಾದಯ್ಯ,” ಎಂದು ಹಲ್ಲು ಬಿಟ್ಟುಕೊಂಡು ಕೂಗಿದಾಗ ತನ್ನ ನಾಲಗೆ ತಾನಾಗಿಯೇ ‘ಫುಲ್’ ಎನ್ನಲು ಮಡಚಿಕೊಂಡಿತ್ತು ಎಂದು ಆಮೇಲೆ ಅವನೇ ನನಗೆ ಹೇಳಿದ.

ಅಷ್ಟರಲ್ಲಿ ಬೇಗೂರಿನ ಕಡೆಯಿಂದ ಒಂದು ಆಟೋ ಬಂದು ನಿಂತಿತು. ಅದರಿಂದ ಸಿಂಧು ಇಳಿದಳು, ಹಿಂದೆಯೇ ಚೀಲ ಹಿಡಿದುಕೊಂಡು ಅವಳ ಗಂಡ ಸುನೀಲ್‌ಕುಮಾರ್. ಹೆಂಗಸರು ಸುತ್ತುವರಿದರು. ಪುಟ್ಟಕ್ಕ ಅವಳ ಗಲ್ಲ ಹಿಡಿದು, ನೆನ್ನೆ ಆಸೆಪಟ್ಟ ಹುಣಸೆಕಾಯಿ ಸಿಕ್ಕಿತೇ ಎಂದು ಕೇಳಿದಳು.

“ಯಾವ ಹುಣಸೆಕಾಯಿ?” ಎಂದಳು ಸಿಂಧು. “ಅಮಾಸೆಯಿಂದ ಅವ್ವಂದು ಒಂದು ಫೋನಿಲ್ಲ. ಮಾಡಿದ್ರೆ ಹೋಗಲ್ಲ. ಏನಾಯ್ತೋ ಅಂತ ಓಡಿ ಬಂದಿವಿ.”

ಕಾಂತರಾಜು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಚಿಕ್ಕಸಿದ್ದಮ್ಮ ಕೊಳವೆಯ ಬಾಯಿಯ ಪಕ್ಕದಲ್ಲಿ, ದಿನವೂ ಕೂರುವ ಜಾಗದಲ್ಲೇ ಕುಳಿತಿದ್ದಳು. ಸಿಂಧು ಅವಳ ಪಕ್ಕ ಕುಳಿತು, ಯಾಕವ್ವ ಹೀಗೆ ಮಾಡಿದೆ ಎಂದಳು. ತಾಯಿ ಯಾರಿಗೂ ಕೇಳಿಸಬಾರದೆಂದು ಮುಖ ತಿರುಗಿಸಿ, ತಗ್ಗಿದ ದನಿಯಲ್ಲಿ ಉತ್ತರ ಹೇಳಿದಳು. ತಿರುಗಿಸಿದ್ದು ಕೊಳವೆಯ ಕಡೆಗೆ. ಹುಣಸೂರಿನ ಮುಬಷೀರ್ ಜಾಯಿಂಟ್ ಬಿಡದ ಹಾಗೆ ಮಾಡಿದ್ದ ಆ ಕೊಳವೆ ಕಟ್ಟಿದ ದಿನದಿಂದ ಮೊದಲ ಬಾರಿಗೆ ಕೆಲಸ ಮಾಡಿತು. ಪಿಸುಮಾತು ಒಂದಕ್ಷರ ಚೆಲ್ಲದೆ ಮೇಲಕ್ಕೆ ಹೋಗಿ ಚಿಕ್ಕಮಾದಯ್ಯನ ಕಿವಿಯಲ್ಲಿ ಬಿದ್ದಿತು.

“ಎಂಗ್ ಯೋಳ್ಲಿ ಕಂದ. ನಾನ್ ನಗೋದ ಕೇಳ್ಬೇಕು ಅಂತ ಕಟ್ಟವ್ರೆ ಕಣವ್ವ ನಿಮ್ಮಪ್ಪ. ಸಿಗ್ನಲ್ ಇಲ್ಲ ಅಂದ್ರೆ ಆ ವಿರೂಪಾಕ್ಷ ನಗ್ತಿದ್ದ. ಅದ್ಕೇ ನಾನೇ ನಕ್ಕುಬುಟ್ಟೆ.”

ವಿರೂಪಾಕ್ಷ ಇನ್ನೊಮ್ಮೆ ಎಷ್ಟು ಕಡ್ಡಿ ಎಂದು ಕೇಳಿದ. ಈ ಸಲ ಚಿಕ್ಕಮಾದಯ್ಯ ಅವನ ಕಡೆ ನೋಡಲೇ ಇಲ್ಲ.

“ಒಂದ್ ಕಡ್ಡೀನೂ ಇಲ್ಲ ಸಾ,” ಎಂದು ಕೂಗಿದ. “ಯಾವತ್ತೂ ಇರ್ಲಿಲ್ಲ. ನಾನು ಸುಳ್ಳೇಳ್ದೆ. ಚುಕ್ಕಿ ಅಳಿಸಿ ಸಾ.”

ಚುಕ್ಕೆ ಅಳಿಸುವುದು ಹಾಕಿದಷ್ಟು ಸುಲಭವಲ್ಲ ಎಂದು ಕಾಂತರಾಜು ವಿವರಿಸಿದರು. ನಕ್ಷೆಯಲ್ಲಿ ಟವರು ಇದೆ ಅಥವಾ ಇಲ್ಲ ಎಂದಷ್ಟೇ ತೋರಿಸಬಹುದು. ಇದೆ, ಆದರೆ ಅದು ಹೊಗೆಸೊಪ್ಪಿನ ಕೊಳವೆ ಎಂದು ತೋರಿಸಲು ಜಾಗವಿಲ್ಲ. ಆದುದರಿಂದ ಅದನ್ನು ಕೆಡವಿ, ಬರಿಯ ಜಾಗದ ಫೋಟೋ ತೆಗೆಯಬೇಕು. ಹಗ್ಗಕ್ಕೆ ಮೊದಲು ಕೈಹಾಕಿದವನು ವಿರೂಪಾಕ್ಷ. ಅವನು ತನ್ನ ಸ್ವಂತ ಹೊಲದಲ್ಲಿ ಅಷ್ಟು ಮೈಮುರಿದು ದುಡಿದದ್ದನ್ನು ಯಾರೂ ಕಂಡಿಲ್ಲ.

ಮಳೆಗಾಲ ಕಳೆದ ಮೇಲೆ ಶಾಲೆಯ ಪಕ್ಕದ ಜಾಗದಲ್ಲಿ ನಿಜವಾದ ಟವರು ನಿಂತಿತು. ಅದರ ಕಾಲ ಬಳಿ ಆಕಾಶಕ್ಕೆ ಮುಖ ಮಾಡಿದ ಒಂದು ದೊಡ್ಡ ತಟ್ಟೆ. ಎಲ್ಲೋ ನಕ್ಷತ್ರಗಳ ಕೆಳಗೆ ತಿರುಗುವ ಉಪಗ್ರಹದೊಡನೆ ಅದು ಮಾತಾಡುತ್ತದಂತೆ. ಪುಟ್ಟಕ್ಕ ಮೊದಲ ದಿನವೇ ಅದಕ್ಕೆ ಕುಂಕುಮ ಇಟ್ಟು ಬಂದಳು. ಈಗ ಎಲ್ಲ ಮನೆಗೂ ಸಿಗ್ನಲ್ ಬರುತ್ತದೆ. ವಿರೂಪಾಕ್ಷನ ಅಟ್ಟಣೆಗೆ ಯಾರೂ ಹೋಗುವುದಿಲ್ಲ. ಅವನು ಆಗಾಗ ಮಂಚದ ಮೇಲೆ ಕುಳಿತು, ದಾರಿಯಲ್ಲಿ ಹೋಗುವವರನ್ನು ಕರೆದು, ಮರದ ಮೇಲೆ ಈಗಲೂ ಇಲ್ಲಿಗಿಂತ ಒಂದು ಕಡ್ಡಿ ಹೆಚ್ಚಿಗೆ ಬರುತ್ತದೆ ಎನ್ನುತ್ತಾನೆ.

ಚಿಕ್ಕಸಿದ್ದಮ್ಮ ಅಡಿಗೆಮನೆಯಲ್ಲಿ ನಿಂತೇ ಮಗಳೊಡನೆ ಮಾತಾಡುತ್ತಾಳೆ. ಮೊಮ್ಮಗ ಹುಟ್ಟಿದ ಮೇಲಂತೂ ಮುಖ ನೋಡಿಕೊಂಡು ಮಾತಾಡುತ್ತಾಳೆ. ಫೋನು ಇಟ್ಟ ಮೇಲೆ ಗಂಡನಿಗೆ ಮತ್ತೆ ಅದೇ ಎರಡು ಮಾತು. ಚಿಕ್ಕಮಾದಯ್ಯ ಕೆಲವು ದಿನ ನೋಡಿದ. ಆಮೇಲೆ ಒಂದು ಮಧ್ಯಾಹ್ನ, ಕೆಡವಿ ಹಾಕಿದ್ದ ಕೊಳವೆಗಳನ್ನು ತಾನೇ ಜೋಡಿಸಿ, ಬ್ಯಾರನ್ನಿನಿಂದ ಅಡಿಗೆಮನೆಯ ಕಿಟಕಿಯವರೆಗೆ ಎಳೆದ. ಅಂದು ಸಂಜೆ ಬ್ಯಾರನ್ನಿನ ಒಲೆಗೆ ಸೌದೆ ಒಡ್ಡುತ್ತ, ಕೊಳವೆಗೆ ಬಾಯಿಟ್ಟು, “ಕೇಳ್ತದಾ?” ಎಂದ.

“ಯಾರು ಮಾತಾಡೋದು?” ಎಂದಿತು ಕೊಳವೆ.

“ನಾನ್ ಕಣಮ್ಮಿ. ಬ್ಯಾರನ್ನಿಂದ.”

“ಈ ನಂಬರು ನನ್ ಫೋನಲ್ಲಿ ಇಲ್ವಲ್ಲ,” ಎಂದು ಚಿಕ್ಕಸಿದ್ದಮ್ಮ ನಕ್ಕಳು. ಈ ಸಲ ಮೂರು ಹೊಲದಾಚೆಗೆ ಕೇಳಲಿಲ್ಲ. ಕೇಳಬೇಕಾದವನಿಗೆ ಕೇಳಿತು.

ನೆನ್ನೆ ವಿರೂಪಾಕ್ಷ ಬಂದು, ಉಳಿದ ಕೊಳವೆ ಇದ್ದರೆ ಎರಡು ಕೊಡು, ನಮ್ಮ ಮನೆಯವಳೂ ನನ್ನ ಹತ್ತಿರ ಮಾತಾಡುವುದು ಕಡಿಮೆ ಎಂದು ಕೇಳಿದ. ಒಂದೂ ಉಳಿದಿಲ್ಲ ಎಂದ ಚಿಕ್ಕಮಾದಯ್ಯ. ಹಿತ್ತಿಲಲ್ಲಿ ಐದಾರು ಬಿದ್ದಿರುವುದನ್ನು ನಾನು ಕಂಡಿದ್ದೇನೆ.

ಅವರ ಅಡಿಗೆಮನೆಯ ಕಿಟಕಿ ನನ್ನ ದೇವರ ಮನೆಯ ಎದುರಿಗೇ ಇದೆ. ಹೋದ ವರ್ಷದವರೆಗೆ ನನ್ನನ್ನೂ ಊಟಕ್ಕೆ ಕರೆಯುವವಳು ಒಬ್ಬಳಿದ್ದಳು. ಅವಳಿಗೆ ಟವರೂ ಬೇಕಿರಲಿಲ್ಲ, ಕೊಳವೆಯೂ ಬೇಕಿರಲಿಲ್ಲ. ಸಂಜೆ ದೀಪ ಹಚ್ಚಿ ಕಣ್ಣು ಮುಚ್ಚಿ, ತಾಯೀ, ಈ ವಯಸ್ಸಿನಲ್ಲಿ ನೆರೆಯವರ ಮೇಲೆ ಹೊಟ್ಟೆಕಿಚ್ಚು ಪಡದಂಥ ಮನಸ್ಸು ಕೊಡು ಎಂದು ಬೇಡಿಕೊಳ್ಳುತ್ತೇನೆ. ಬೇಡಿಕೆ ಮುಗಿಯುತ್ತ ಬರುವಾಗ ಕಿಟಕಿಯಾಚೆ ಚಿಕ್ಕಸಿದ್ದಮ್ಮ ಮತ್ತೆ ನಗುತ್ತಾಳೆ. ನಾನು ಮತ್ತೆ ಮೊದಲಿನಿಂದ ಶುರುಮಾಡುತ್ತೇನೆ.